ಬಿಜಲಿ ಇಲ್ಲದ ಊರಾಗ ಬಿಜಲಿ ಉಳಿಸಿದ್ದು

ಉರ್ದು ಓದಾಕ ಬರೋದು ಮಸ್ಕಿಯಂಥಾ ಊರಾಗ ವಿದ್ಯೆ ಅಲ್ಲ, ಅದೊಂದು ವ್ಯಾಧಿ. ತಲಿನೋವು ಬಂದ್ರ ಸುಂಠಿ ತೇದು ಹಚ್ಚಬಹುದು, ಇದಕ್ಕ ಹಚ್ಚಾಕ ಏನೂ ಇಲ್ಲ. ಯಾರಿಗೆ ಸಮನ್ಸು ಬರಲಿ, ಯಾರ ಹೊಲದ ಕಾಗದ ಇರಲಿ, ಮೊದಲು ನಮ್ಮ ಮನಿ ಬಾಗಿಲು ಬಡೀತಾರ. ಓದಿದ್ದು ಒಳ್ಳೇ ಸುದ್ದಿ ಆದ್ರ ನಿಜಾಮ ಸರ್ಕಾರಕ್ಕ ಕೈ ಮುಗೀತಾರ, ಕೆಟ್ಟದ್ದಾದ್ರ ಓದಿದಂವನ್ನ ಕಣ್ಣು ಕೆಂಪು ಮಾಡಿ ನೋಡ್ತಾರ.

ನಾನು ಆಗ ಮಸ್ಕಿ ಸರ್ಕಾರಿ ಸಾಲಿಯ ಮುನ್ಶಿ. ಊರಾಗ ನನ್ನ ಹೆಸರು ಮುನ್ಶೀಜಿ, ಮನಿಯಾಗ ನನ್ನ ಹೆಸರು "ಏನ್ರೀ". (ಸಿಟ್ಟು ಬಂದ ದಿನ ಅದೂ ಇಲ್ಲ.) ಹೆಂಡತಿ ಕಸ್ತೂರೆಮ್ಮ, ಗುರುಗುಂಟಾದಾಕಿ. ಒಬ್ಬಾಕಿ ಮಗಳು, ಗುರುಲಿಂಗಮ್ಮ. ಓದಿಸ್ತೀನಿ ಓದಿಸ್ತೀನಿ ಅಂತ ನಾನು ಕುಂತು, ಹುಡುಗಿಗೆ ಹತ್ತೊಂಬತ್ತು ನಡದುಬಿಟ್ಟಿತ್ತು. ಆ ಕಾಲದಾಗ ಅಷ್ಟು ವಯಸ್ಸು ಕಿವಿಗೆ ಬಿದ್ರ ವರನ ಕಡೆಯವರು ಎದ್ದು ಚಪ್ಪಲಿ ಹುಡುಕ್ತಿದ್ರು. ಹಿಂಗಾಗಿ ಕಸ್ತೂರೆಮ್ಮನ ಕಣ್ಣಾಗ ನಿದ್ದಿ ಇರಲಿಲ್ಲ. ಆಕಿಗೆ ನಿದ್ದಿ ಇಲ್ಲ ಅಂದಮ್ಯಾಲ ನನಗೆಲ್ಲಿಂದ ಬರಬೇಕು.

ಜರ್ಮನಿ ಲಡಾಯಿ ನಡದಿದ್ದ ವರ್ಷಗಳು ಅವು. ಒಂದು ಮುಂಜಾನಿ ತಳವಾರ ಗಾಳೆಪ್ಪ ಚಾವಡಿ ಗ್ವಾಡಿಗೆ ಗಂಜಿ ಹಚ್ಚಿ ಒಂದು ಉರ್ದು ನೋಟೀಸು ಅಂಟಿಸಿದ. ತಲಿಕೆಳಗ ಅಂಟಿಸಿದ್ದ, ಅದು ಬ್ಯಾರೆ ಮಾತು. ನಮ್ಮೂರಿಗೆ ಸರ್ಕಾರಿ ನೋಟೀಸು ಹೊಸದಲ್ಲ. ಅಶೋಕ ಮಹಾರಾಜ ಬಂಡೆಗಲ್ಲಿನ ಮ್ಯಾಲ ಕೊರೆಸಿದ್ದು ಇನ್ನೂ ಗುಡ್ಡದಾಗ ಐತಿ. ಎಷ್ಟೋ ನೂರು ವರ್ಷ ಅದನ್ನ ಯಾರೂ ಓದಲಿಲ್ಲ, ಊರು ಸುಖವಾಗಿತ್ತು. ಇದನ್ನ ನಾನು ಓದಿಬಿಟ್ಟೆ.

ಮಂದಿ ಕೂಡಿತ್ತು. ನಾನು ಕುತ್ತಿಗಿ ಹೊಳ್ಳಿಸಿ, ನೋಟೀಸಿನ ಕಡೆಗೆ ತಲಿ ಕೆಳಗ ಮಾಡಿ, ಗಟ್ಟಿ ಧ್ವನಿಲೆ ಓದಿ ಕನ್ನಡದಾಗ ಅರ್ಥ ಹೇಳಿದೆ. ಬಿಜಲಿ ಉಳಿಸಿರಿ. ಕೆಲಸ ಮುಗಿದ ಕೂಡಲೇ ದೀಪದ ಗುಂಡಿ ಒತ್ತಿ ಆರಿಸಿರಿ. ಖಾಲಿ ಖೋಲಿಯೊಳಗ ಪಂಖಾ ತಿರುಗಲಿಕ್ಕೆ ಬಿಡಬೇಡಿರಿ. ಎರಡು ದೀಪ ಉರಿಸೋ ಜಾಗದಾಗ ಒಂದೇ ಉರಿಸಿರಿ. ನೆರೆಮನಿಯವರಿಗೂ ತಿಳಿಹೇಳಿರಿ.

ಮಂದಿ ಬಾಯಿ ತೆರಕೊಂಡು ನಿಂತಿತ್ತು. ಮಸ್ಕಿಯಾಗ ಬಿಜಲಿ ಅಂದ್ರ ಮಳಿಗಾಲದಾಗ ಗುಡ್ಡದ ಮ್ಯಾಲ ಹೊಡಿಯೋದು ಒಂದ. ಅದನ್ನ ಉಳಿಸೋದು ಹೆಂಗ, ಉಳಿಸಿ ಇಡೋದು ಎಲ್ಲಿ ಅಂತ ಗಾಳೆಪ್ಪನೇ ಕೇಳಿದ. ಮಠದ ಶರಭಯ್ಯನವರಿಗೆ ಕಿವಿ ಮಂದ. ಅವರು ಹಿಂದಿನಿಂದ ಎದ್ದು, ಬಿಜ್ಜಳನ್ನ ಯಾಕ ಉಳಿಸಬೇಕು, ಅಂವ ಕಲ್ಯಾಣದಾಗ ಸತ್ತು ಯಾವ ಕಾಲಾತು, ಶರಣರಿಗೆ ಅಷ್ಟು ತ್ರಾಸು ಕೊಟ್ಟಂವನ ಸಲುವಾಗಿ ಸರ್ಕಾರ ಈಗ ಯಾಕ ಮರುಗಾಕತ್ತೈತಿ ಅಂತ ಕೇಳಿದ್ರು. ಅವರಿಗೆ ತಿಳಿಸಿ ಹೇಳೂದ್ರಾಗ ಬಿಸಿಲು ನೆತ್ತಿಗೆ ಬಂತು.

ಅಲ್ಲಿಗೆ ಬಿಟ್ಟಿದ್ರ ಈ ಕಥಿ ಹುಟ್ತಿರಲಿಲ್ಲ. ಆದ್ರ ನಾನು ರಾಯಚೂರಿನಾಗ ಓದಿದಂವ. ಅಲ್ಲಿ ಒಬ್ಬ ಮೌಲ್ವಿ ಸಾಹೇಬ್ರು ನಮಗ ತರ್ಕಶಾಸ್ತ್ರ ಕಲಿಸ್ತಿದ್ರು. ಯಾವ ಹುಕುಮಿನ್ಯಾಗೂ ಬರದದ್ದು ಅರ್ಧ, ಬರೀದ ನಂಬಿಕೊಂಡದ್ದು ಅರ್ಧ ಅನ್ನೋದು ಅವರ ಸಿದ್ಧಾಂತ. ಬಾಗಿಲು ಹಾಕ್ರಿ ಅಂದ್ರ ಮನಿಗೆ ಬಾಗಿಲು ಐತಿ, ಅದು ತೆರದೈತಿ, ಹಾಕಾಕ ಒಬ್ಬ ಮನುಷ್ಯಾನೂ ಅದಾನ ಅಂತ ಹೇಳಿದಂಗ. ಇದಕ್ಕ ಗರ್ಭಿತಾರ್ಥ ಅಂತಾರ. ಆ ಶಬ್ದ ನನಗ ಭಾಳ ಸೇರ್ತಿತ್ತು. ವಾರಕ್ಕೊಮ್ಮೆಯಾದ್ರೂ ಉಪಯೋಗಿಸ್ದಿದ್ರ ಉಂಡದ್ದು ಪಚನ ಆಗ್ತಿರಲಿಲ್ಲ.

ಮನಿಗೆ ಬಂದು, ರೊಟ್ಟಿ ಬಡಿಯಾಕತ್ತಿದ್ದ ಕಸ್ತೂರೆಮ್ಮಗ ಎಲ್ಲಾ ವಿವರಿಸಿದೆ. ಇಲ್ಲದ್ದನ್ನ ಉಳಿಸ್ರಿ ಅಂತ ಯಾವ ಸರ್ಕಾರವೂ ಹೇಳಂಗಿಲ್ಲ. ಹೇಳೈತಿ ಅಂದ್ರ ಐತಿ, ಇಲ್ಲಾ ಬರಾಕತ್ತೈತಿ. ಆದಕಾರಣ ಮಸ್ಕಿಗೆ ಬಿಜಲಿ ಮಂಜೂರು ಆಗೈತಿ, ಇದು ಈ ನೋಟೀಸಿನ ಗರ್ಭಿತಾರ್ಥ.

ಆಕಿ ರೊಟ್ಟಿ ಹೊಳ್ಳಿಸಿ ಹಾಕಿದಳು.

"ಖಾಲಿ ಖೋಲಿಯೊಳಗ ಪಂಖಾ ಬ್ಯಾಡ ಅಂತ ಬರದಾರಲ್ಲ. ಅಂದ್ರ ಬರದಂವನ ಮನಿಯಾಗ ಖಾಲಿ ಖೋಲಿ ಅದಾವು ಅಂದಂಗಾತು."

"ಅದು ಮುಖ್ಯ ಅಲ್ಲ."

"ನನಗ ಅದ ಮುಖ್ಯ. ಅಡಗೀಮನಿ ಬಿಟ್ರ ನಮಗಿರೋದು ಒಂದು ಖೋಲಿ, ಒಂದು ಪಡಸಾಲಿ. ಪಡಸಾಲ್ಯಾಗ ಅರ್ಧ ಜ್ವಾಳದ ಚೀಲ. ಖಾಲಿ ಅಂತ ನಮ್ಮನಿಯಾಗ ಏನರ ಇದ್ರ ಅದು ಎಣ್ಣಿ ಗಡಿಗಿ."

"ನಾನು ಹೇಳೋದು ತರ್ಕ."

"ನಾನು ಹೇಳೋದೂ ಅದ. ಹೈದರಾಬಾದಿನ್ಯಾಗ ಕುಂತಂವ ಎಲ್ಲಾ ಊರೂ ಹೈದರಾಬಾದಿನಂಗ ಅದಾವ ಅಂತ ತಿಳಕೊಂಡು ಬರದಾನ. ಅದರಾಗ ಗರ್ಭ ಏನಿಲ್ರೀ, ಬರೇ ಹೊಟ್ಟಿ ಉಬ್ಬರ."

ಇಂಥಾ ಮಾತಿಗೆ ವಿದ್ವಾಂಸನಾದಂವ ಉತ್ತರ ಕೊಡಬಾರದು. ನಾನು ಕೊಡಲಿಲ್ಲ. (ಬಾಯಾಗ ರೊಟ್ಟಿ ಇತ್ತು.)

ಆ ವಾರದಾಗ ಶರಭಯ್ಯನವರು ಒಂದು ಸಂಬಂಧ ತಂದ್ರು. ಲಿಂಗಸುಗೂರಿನ ಅಮರಗುಂಡಪ್ಪನವರು, ದೊಡ್ಡ ಮನಿತನ, ಮಾಳಿಗಿ ಮನಿ, ಎಣ್ಣೀ ವ್ಯಾಪಾರ. ಮಗ ಶಿವಶರಣಪ್ಪ, ಒಳ್ಳೇ ಹುಡುಗ, ಹುಡುಗಿ ವಯಸ್ಸಿನ ಮಾತು ಅವರು ಎತ್ತಂಗಿಲ್ಲ. ನಾನು ಎಣ್ಣಿ ಅಂದ ಕೂಡಲೇ ಕುಸುಬಿ ಎಣ್ಣಿ ಅಂತ ತಿಳಕೊಂಡೆ. ಮಗಳು ಗಾಣದ ಮನಿ ಸೇರಿದ್ರ ನಮ್ಮ ಪುಂಡಿಪಲ್ಯಕ್ಕೂ ಒಗ್ಗರಣಿ ಕಾಣತೈತಿ ಅಂತ ಒಳಗೊಳಗ ಹಿಗ್ಗಿದೆ. ಯಾವ ಎಣ್ಣಿ ಅಂತ ನಾನು ಕೇಳಲಿಲ್ಲ. ಶರಭಯ್ಯನವರಿಗೆ ಕೇಳಿದ್ರೂ ಕೇಳ್ತಿರಲಿಲ್ಲ ಅನ್ನೋದು ನನ್ನ ಸಮಾಧಾನ.

ಕನ್ಯಾ ನೋಡಾಕ ಅಪ್ಪ ಮಗ ಇಬ್ರೂ ಬಂದ್ರು. ಅಮರಗುಂಡಪ್ಪನವರು ಎತ್ತರದ ಆಳು, ಹಣಿ ತುಂಬ ವಿಭೂತಿ, ಒಂದೊಂದು ಮಾತೂ ತೂಕಮಾಡಿ ಆಡೋ ಮನುಷ್ಯ. ಗುರುಲಿಂಗಮ್ಮ ಬಂದು ಕುಂತಳು, ಒಂದು ವಚನ ಹಾಡಿದಳು. ಹುಡುಗ ನೆಲ ನೋಡಿಕೋತ ನಕ್ಕ. ಅಮರಗುಂಡಪ್ಪನವರು ತಲಿ ಅಲ್ಲಾಡಿಸಿದ್ರು. ಬಾಗಿಲ ಮರಿಯಾಗ ಕಸ್ತೂರೆಮ್ಮನ ಬಳಿ ಸಪ್ಪಳ ಕೇಳಿತು. ಅದು ಸಂತೋಷದ ಸಪ್ಪಳ. ಇಪ್ಪತ್ತು ವರ್ಷ ಸಂಸಾರ ಮಾಡಿದಂವಗ ಬಳಿ ಭಾಷಾ ತಿಳೀತೈತಿ.

ಆಗ ಅಮರಗುಂಡಪ್ಪನವರು ಚಹಾ ಬಶಿ ಹಿಡಕೊಂಡು ನನ್ನ ಕಡೆ ತಿರುಗಿದ್ರು. ಲಿಂಗಸುಗೂರು ಬಜಾರದಾಗೂ ಅದ ನೋಟೀಸು ಹಚ್ಚ್ಯಾರ, ಸಿಂಧನೂರಾಗೂ ಹಚ್ಚ್ಯಾರಂತ, ಓದೋರು ಓದ್ತಾರ ಆದ್ರ ಅರ್ಥ ಹೇಳೋರಿಲ್ಲ, ನೀವು ತಿಳದೋರು, ಏನಿದು ಅಂತ ಕೇಳಿದ್ರು. ಬೀಗರಾಗೋರು ತಾವಾಗಿ ವಿದ್ಯೆ ಕೇಳಿದಮ್ಯಾಲ ನನ್ನನ್ನ ತಡಿಯೋರು ಯಾರು. ನಾನು ಪದ್ಮಾಸನ ಹಾಕ್ಕೊಂಡೆ. ಮೌಲ್ವಿ ಸಾಹೇಬ್ರಿಂದ ಶುರು ಮಾಡಿದೆ. ಗುಂಡಿ ಒತ್ತಿ ಅಂದ್ರ ಗುಂಡಿ ಐತಿ, ಗುಂಡಿ ಐತಿ ಅಂದ್ರ ತಂತಿ ಐತಿ, ನೆರೆಮನಿಯವರಿಗೆ ತಿಳಿಹೇಳ್ರಿ ಅಂದ್ರ ಒಂದು ಮನಿಗಲ್ಲ, ಮನಿಮನಿಗೆ ಬರತೈತಿ ಅಂತ ಮೆಟ್ಟಲ ಮ್ಯಾಲ ಮೆಟ್ಟಲ ಹತ್ತಿಸಿದೆ.

ಅವರ ಮುಖ ಯಾಕೋ ಸಣ್ಣಗಾತು. ಲಿಂಗಸುಗೂರು ಕಚೇರಿ ಮುಂದ ಲಾರಿಯಿಂದ ಕಬ್ಬಿಣದ ಕಂಬ ಇಳಿಸ್ಯಾರ, ಅದಕ್ಕೇ ಇರಬಹುದೇನು ಅಂತ ಕೇಳಿದ್ರು. ನನಗ ಇನ್ನೇನು ಬೇಕಿತ್ತು. ಅದಕ್ಕೇ ಅಂದೆ. ಇನ್ನೊಂದೆರಡು ವರ್ಷದಾಗ ಚಿಮಣಿ ಎಣ್ಣಿ ಅಂದ್ರ ಏನು ಅಂತ ಹುಡುಗ್ರು ನಮ್ಮನ್ನ ಕೇಳ್ತಾವ, ಕಂದೀಲನ್ನ ಅಟ್ಟದ ಮ್ಯಾಲ ಇಟ್ಟು ಪೂಜಿ ಮಾಡಬೇಕಾಗತೈತಿ, ಆ ಎಣ್ಣಿ ಮಾರೋರು ಡಬ್ಬಿ ಬಡಕೋತ ಊರೂರು ತಿರುಗಬೇಕಾಗತೈತಿ ಅಂತ ಕೈ ತಿರುವಿ ಹೇಳಿದೆ.

ಬಾಗಿಲ ಮರಿಯಾಗ ಬಳಿ ಸಪ್ಪಳ ಒಮ್ಮೆಲೇ ನಿಂತಿತು. ಶಿವಶರಣಪ್ಪ ತಲಿ ಎತ್ತಿ ಅಪ್ಪನ್ನ ನೋಡಿದ. ಅಮರಗುಂಡಪ್ಪನವರು ಬಶಿ ಕೆಳಗಿಟ್ಟರು.

"ನಮ್ಮದು ಚಿಮಣಿ ಎಣ್ಣೀ ಅಂಗಡಿ ರೀ, ಮುನ್ಶೀಜಿ," ಅಂದ್ರು.

ನನಗ ಎದಿಯಾಗ ಏನೋ ಜುಮ್ಮೆಂದು ಕಾಲಿನ ಮಟ ಇಳೀತು. ಮುಂದ ಎಷ್ಟೋ ವರ್ಷದ ಮ್ಯಾಲ ಖರೇ ಬಿಜಲಿ ತಂತಿ ಮುಟ್ಟಿ ನೋಡೀನಿ. ಅವತ್ತಿನ ಮುಂದ ಅದು ಏನೂ ಅಲ್ಲ.

ಅವರು ಮತ್ತೊಂದು ಮಾತಾಡದ ಎದ್ದು ಹೋದ್ರು. ಕಸ್ತೂರೆಮ್ಮ ಹೊರಗ ಬಂದಳು. ಆಕಿಗೆ ಮೊದಲ ಗೊತ್ತಿತ್ತಂತ. ಲಡಾಯಿ ಕಾಲದಾಗ ಕುಸುಬಿ ಎಣ್ಣಿ ಮಾರಿ ಯಾರರ ಮಾಳಿಗಿ ಮನಿ ಕಟ್ಟಸ್ತಾರೇನು, ಇಷ್ಟು ತಿಳೀಲಿಲ್ಲ, ಎಲ್ಲೋ ಇರೋ ಸರ್ಕಾರದ ಮನಸಿನ್ಯಾಗಿಂದು ತಿಳೀತೈತಿ, ಎದುರಿಗೆ ಕುಂತ ಬೀಗರ ಮುಖದಾಗಿಂದು ತಿಳಿಯಂಗಿಲ್ಲ ಅಂತ ಶುರು ಮಾಡಿದಾಕಿ, ಸಂಜಿ ದೀಪ ಹಚ್ಚೋ ಹೊತ್ತಿಗೆ ನಮ್ಮ ಅಜ್ಜನ ಕಾಲದ ತಪ್ಪಿಗೆ ಬಂದು ಮುಟ್ಟಿದ್ದಳು. ಮಗಳು ಬೈಯಲಿಲ್ಲ. ಒಂದು ಮೂಲ್ಯಾಗ ಕುಂತು ಸೀರಿ ಸೆರಗಿನ ಎಳಿ ಕೀಳಾಕತ್ತಿದ್ದಳು. ನನಗ ಆಕಿ ಬೈದಿದ್ರ ಚೊಲೋ ಅನಿಸ್ತು.

ಇದರ ಮ್ಯಾಲ ಸಾಲಿ ತಪಾಸಣಿಗೆ ಮ್ಯಾಲಿನ ಸಾಹೇಬ್ರು ಬಂದ್ರು. ಹೋಗೋ ಮುಂದ ಅವರಿಗೆ ಕೈ ಮುಗಿದು, ಹುಜೂರ್, ಮಸ್ಕಿಗೆ ಬಿಜಲಿ ಯಾವಾಗ ಬರತೈತಿ ಅಂತ ಕೇಳಿದೆ. ಅವರು ನನ್ನನ್ನ ಜ್ವರ ಬಂದಂವನ್ನ ನೋಡಿದಂಗ ನೋಡಿದ್ರು. ಆ ನೋಟೀಸು ಛಾಪಿಸಿದ್ದು ದೊಡ್ಡ ಶಹರದೋರ ಸಲುವಾಗಿ, ಎಲ್ಲಾ ಕಡೆ ಕಳಿಸ್ರಿ ಅಂತ ಯಾರೋ ಅಂದ್ರು, ಎಲ್ಲಾ ಕಡೆ ಕಳಿಸಿದ್ರು ಅಂತ ಹೇಳಿ ಕುದುರಿ ಹತ್ತಿದ್ರು. ಆ ನೋಟೀಸಿಗೆ ನಮ್ಮ ಊರು ಇದ್ದದ್ದೇ ಗೊತ್ತಿರಲಿಲ್ಲ. ಕಸ್ತೂರೆಮ್ಮ ಅಂದದ್ದು ಅಕ್ಷರ ಅಕ್ಷರ ಖರೆ ಆಗಿತ್ತು. (ಇದನ್ನ ಆಕಿಗೆ ನಾನು ಹೇಳಬಾರದು ಅಂತಿದ್ದೆ. ನನ್ನ ಮುಖ ನೋಡಿ ಆಕೀನ ಹೇಳಿದಳು.)

ನಾಳೆನ ಲಿಂಗಸುಗೂರಿಗೆ ಹೋಗ್ರಿ, ತಪ್ಪಾತು ಅನ್ರಿ, ಬಿಜಲಿ ಬರಂಗಿಲ್ಲ ಅಂತ ಹೇಳಿ ಸಂಬಂಧ ಉಳಿಸಿಕೊಂಡು ಬರ್ರಿ ಅಂತ ಆಕಿ ಹುಕುಂ ಕೊಟ್ಟಳು. ಈ ಹುಕುಮಿನ್ಯಾಗ ಗರ್ಭಿತಾರ್ಥ ಏನೂ ಇರಲಿಲ್ಲ, ಎಲ್ಲಾ ಬಾಯಿಬಿಟ್ಟ ಹೇಳಿದ್ದಳು. ಆಗ ಪೆಟ್ರೋಲ್ ಇಲ್ಲದ ಮೋಟಾರಿಗೆ ಇದ್ದಲಿ ಹಾಕಿ ಓಡಿಸ್ತಿದ್ರು. ಅದು ಓಡಿದ್ದಕ್ಕಿಂತ ನಾವು ನೂಕಿದ್ದ ಹೆಚ್ಚು. ಮುಖ ತುಂಬ ಮಸಿ ಹಚ್ಚಿಕೊಂಡು ಅಮರಗುಂಡಪ್ಪನವರ ಅಂಗಡಿ ಮುಂದ ಇಳಿದೆ.

ಅಲ್ಲಿ ನೋಡಿದ್ರ, ಅಂಗಡಿಯಿಂದ ಎಣ್ಣೀ ಪೀಪಾಯಿ ಒಂದೊಂದಾಗಿ ಉರುಳಿಸಿ ಬಂಡಿಗೆ ಹೇರಾಕತ್ತಿದ್ರು. ಸಿಂಧನೂರಿನ ಗೌಸ್‌ಸಾಬ್ ಅನ್ನೋ ವ್ಯಾಪಾರಸ್ಥ ಎಲ್ಲಾ ಪೀಪಾಯಿ, ಅಳತಿ ಡಬ್ಬಿ, ಲೈಸನ್ಸು ಸಮೇತ ಅಂಗಡೀನ ತಗೊಂಡಿದ್ದ. ಅಂವ ಮುದುಕ, ಮೆತ್ತಗಿನ ಮನುಷ್ಯ. ಇವರು ಯಾಕ ಕೊಡಾಕತ್ತಾರ ಅಂತ ತಿಳಿಲಾರದ, ಎಲ್ಲಿ ಮನಸು ಬದಲಿ ಮಾಡ್ತಾರೋ ಅಂತ ಎತ್ತಿನ ಹಗ್ಗ ಕೈಯಾಗ ಹಿಡಕೊಂಡ ನಿಂತಿದ್ದ.

ಅಮರಗುಂಡಪ್ಪನವರು ನನ್ನನ್ನ ನೋಡಿ ಓಡಿಬಂದು ತಬ್ಬಿಕೊಂಡ್ರು. ಅವತ್ತು ಮಾತಿಲ್ಲದ ಎದ್ದು ಹೋಗಿದ್ದು ಸಿಟ್ಟಿಗಲ್ಲವಂತ, ಗಾಬರಿಗೆ. ಮುಳುಗೋ ಹಡಗಿನಿಂದ ಮೊದಲು ಜಿಗಿಯೋ ಬುದ್ಧಿ ನನ್ನಿಂದ ಬಂತಂತ. ನನ್ನಂಥಾ ದೂರದೃಷ್ಟಿಯ ಬೀಗ ಏಳು ಜನ್ಮಕ್ಕೂ ಸಿಗಂಗಿಲ್ಲವಂತ. ನಾನು ಅವರ ಕೈ ಬಿಡಿಸಿಕೊಂಡು, ಬಿಜಲಿ ಬರಂಗಿಲ್ಲ, ನಾನು ತಪ್ಪು ಹೇಳಿದ್ದೆ, ಸಾಹೇಬ್ರೇ ಇಲ್ಲ ಅಂದಾರ, ಬಂಡಿ ಇಳಿಸ್ರಿ ಅಂತ ಬಡಬಡ ಹೇಳಿಬಿಟ್ಟೆ.

ಅವರು ನನ್ನನ್ನ ಕಂಬದ ಮರಿಗೆ ಕರಕೊಂಡು ಹೋಗಿ, ಕಣ್ಣು ಸಣ್ಣ ಮಾಡಿ, ಮೆಲ್ಲಕ ಅಂದ್ರು:

"ಬರಂಗಿಲ್ಲ ಅಂತ ಹೇಳಾಕ ಇಷ್ಟು ದೂರ ಇದ್ದಲಿ ಮೋಟಾರು ನೂಕಿಕೋತ ಬಂದೀರಿ ಅಂದ್ರ, ಬರೋದು ಖರೆ. ನೀವು ಸರ್ಕಾರದ ನೌಕರರು. ಬಾಯಿಲೆ ಇಲ್ಲ ಅನಬೇಕು, ಅಂದೀರಿ. ಬರೀದ ಇದ್ದದ್ದನ್ನ ಓದಾಕ ನೀವ ಕಲಿಸೀರಲ್ಲ ನನಗ."

ನಾನು ಗುಡ್ಡದ ಬಸವಣ್ಣನ ಆಣೆ ಹಾಕಿದೆ. ಆಣೆ ಹಾಕೋವಷ್ಟು ಒತ್ತಡ ಐತಿ ಮ್ಯಾಲಿನಿಂದ ಅಂತ ಅವರು ತಿಳಕೊಂಡ್ರು. ಹೇಳಿದಷ್ಟೂ ಬಿಜಲಿ ಹತ್ತಿರ ಬರಾಕತ್ತಿತು. ಕಡೀಕ ಅವರು ಗೌಸ್‌ಸಾಬ್‌ಗೆ ಕೇಳಿಸಬಾರದು ಅಂತ ನನ್ನ ಬಾಯಿ ಕೈಲೆ ಮುಚ್ಚಿ, ಮುಂದಿನ ತಿಂಗಳದಾಗ ಮದುವಿ ಮುಗಿಸೂಣು, ನಮ್ಮ ಕಡೆಯಿಂದ ಒಪ್ಪಿಗಿ ಐತಿ ಅಂದ್ರು. ಬಾಯಿ ಮುಚ್ಚಿದ್ದಕ್ಕ ನಾನು ಆಗ ಮಾತಾಡಲಿಲ್ಲ. ಕೈ ತಗದ ಮ್ಯಾಲೂ ಯಾಕ ಮಾತಾಡಲಿಲ್ಲ ಅಂದ್ರ, ಕಣ್ಣ ಮುಂದ ಸೀರಿ ಎಳಿ ಕೀಳೋ ಹುಡುಗಿ ಬಂತು.

ಮದುವಿ ದಿನ ನಮ್ಮನಿ ಮುಂದ ಹಂದರ. ವರನ ಕಡೆಯ ಬಂಡಿಯಾಗ ಹುಲ್ಲು ತುಂಬಿದ ದೊಡ್ಡ ದೊಡ್ಡ ಬುಟ್ಟಿ ಬಂದ್ವು. ನಾವು ಮಾವಿನಹಣ್ಣು ಅಂತ ತಿಳದ್ವಿ. ಹುಲ್ಲು ಸರಿಸಿದ್ರ ಗಾಜಿನ ಬುರುಡಿ. ಅಮರಗುಂಡಪ್ಪನವರು ಅಂಗಡಿ ಮಾರಿ ಬಂದದ್ದನ್ನೆಲ್ಲಾ ಸಿಕಂದರಾಬಾದಿನ ಯಾವನೋ ದಲಾಲನಿಗೆ ಸುರಿದು, ಬಿಜಲಿ ಬುರುಡಿ ತರಿಸಿದ್ರು. ಸುತ್ತಿನ ತಾಲೂಕಿಗೆಲ್ಲಾ ಬಿಜಲಿ ಬಂದ ದಿನ ಬುರುಡಿ ಇರೋ ಅಂಗಡಿ ಅವರದೊಂದ ಇರಬೇಕು ಅನ್ನೋದು ಅವರ ಲೆಕ್ಕ. ಅದರಾಗ ಅರ್ಧ ಸುಟ್ಟುಹೋದ ಬುರುಡಿ ಇದ್ದವಂತ ಆಮ್ಯಾಲ ಗೊತ್ತಾತು. ಉರಿಸಿ ನೋಡಿ ತಗೋಬೇಕು ಅಂದ್ರ ಇಲ್ಲಿ ಏನು ಹಚ್ಚಿ ಉರಿಸ್ತೀರಿ.

ಆ ಬುರುಡಿಗಳನ್ನ ಹಂದರದ ತುಂಬ ದಾರ ಕಟ್ಟಿ ತೂಗುಬಿಟ್ಟರು. ಬಿಸಿಲಿಗೆ ಮಿಣಮಿಣ ಹೊಳೀತಿದ್ವು. ಬಂದ ಮಂದಿ ಅಕ್ಕಿಕಾಳು ಕೈಯಾಗ ಹಿಡಕೊಂಡು ವಧೂವರರನ್ನ ಬಿಟ್ಟು ಮ್ಯಾಲ ನೋಡಾಕತ್ತಿದ್ರು. ಇವು ಯಾವ ದೇಶದ ಬದನಿಕಾಯಿ ಅಂತ ನಮ್ಮ ಓಣಿಯ ಬಸ್ಸಮ್ಮ ಕೇಳಿದಳು. ಸಂಜೀಕ ಮೆರವಣಿಗಿ ಹೊರಡೋ ಹೊತ್ತಿಗೆ ಕತ್ತಲಾತು. ನೂರಾರು ದೀಪ ತಲಿ ಮ್ಯಾಲ ತೂಗಾಕತ್ತಾವ, ಕೆಳಗ ವರನ ಮುಖ ಯಾವುದು, ಕುದುರಿ ಮುಖ ಯಾವುದು ತಿಳೀವಲ್ದು. ಆಗ ಮದುವಿಗೆ ಬಂದಿದ್ದ ಗೌಸ್‌ಸಾಬ್ ತಾನು ತಂದಿದ್ದ ಗ್ಯಾಸಬತ್ತಿಗಳಿಗೆ ಚಿಮಣಿ ಎಣ್ಣಿ ಹಾಕಿ, ಗಾಳಿ ಹೊಡದು ಹಚ್ಚಿಸಿದ. ಹಾಡ ಹಗಲಾದಂಗಾತು. ಮಂದಿಯೆಲ್ಲಾ ಗೌಸ್‌ಸಾಬ್‌ನ ಹೊಗಳಿದ್ದ ಹೊಗಳಿದ್ದು. ಅಮರಗುಂಡಪ್ಪನವರು ಆ ಬೆಳಕಿನ್ಯಾಗ ನಿಂತು ತಮ್ಮ ಹಳೇ ಪೀಪಾಯಿ ವಾಸನಿ ಮೂಸಾಕತ್ತಿದ್ರು. ಆ ಮುಖ ನಾನು ಇನ್ನೂ ಮರತಿಲ್ಲ.

ಬಿಜಲಿ ಬರಲಿಲ್ಲ. ಕಚೇರಿ ಮುಂದಿನ ಕಬ್ಬಿಣದ ಕಂಬ ಕುದುರಿ ಲಾಯಕ್ಕ ತಗಡು ಹೊದಿಸಾಕ ಬಂದಿದ್ವು, ಹೊದಿಸಿದ್ರು. ಲಡಾಯಿ ಜೋರಾತು, ಚಿಮಣಿ ಎಣ್ಣಿ ಬಂಗಾರಾತು. ಸಿಂಧನೂರಾಗ ಗೌಸ್‌ಸಾಬ್‌ನ ಅಂಗಡಿ ಮುಂದ, ಆಚೆ ಊರು ಜವಳಗೇರಾದ ಮಟ, ಮಂದಿ ಬಾಟ್ಲಿ ಹಿಡಕೊಂಡು ನಿಲ್ಲಾಕತ್ತಿತು. ಅಮರಗುಂಡಪ್ಪನವರು ಲಿಂಗಸುಗೂರಿನಾಗ ಬುರುಡಿ ಬುಟ್ಟಿ ನಡುವ ಕುಂತು ದಾರಿ ನೋಡಿದ್ರು, ನೋಡಿದ್ರು. ಹುಲ್ಲಿನ್ಯಾಗ ಇಲಿ ಮರಿ ಹಾಕಿದ್ವು ಅಂತ ಸುದ್ದಿ ಬಂತು. ಆ ಮ್ಯಾಲ ಮಾಳಿಗಿ ಮನಿ ಮಾರಿದ್ರು ಅಂತ ಸುದ್ದಿ ಬಂತು. ಅದರ ಮುಂದಿನ ಸುದ್ದಿ ಬರಲಿಲ್ಲ, ಅವರೇ ಬಂದ್ರು.

ಮುಂಜಾನಿ ನಾನು ಕಟ್ಟಿ ಮ್ಯಾಲ ಕುಂತು ಬೇವಿನ ಕಡ್ಡಿ ಹಲ್ಲಿಗೆ ಹಚ್ಚಿದ್ದೆ. ಬಾಗಿಲ ಮುಂದ ಎರಡು ಬಂಡಿ ನಿಂತ್ವು. ಮೊದಲನೇದ್ರಾಗಿಂದ ಅಮರಗುಂಡಪ್ಪನವರು, ಅವರ ಹೆಂಡತಿ, ಅಳಿಯ ಶಿವಶರಣಪ್ಪ, ಮಗಳು ಗುರುಲಿಂಗಮ್ಮ ಇಳಿದ್ರು. ಎರಡನೇದ್ರಾಗ ಗಾದಿ, ಕೊಪ್ಪರಿಗಿ, ಬೀಸೋಕಲ್ಲು, ಮಂಚದ ಕಾಲು. ಮಗಳು ಮಾತ್ರ ನಕ್ಕೋತ ಒಳಗ ಓಡಿದಳು. ಕಸ್ತೂರೆಮ್ಮ ಸೆಗಣಿ ಕೈಲೆ ಹೊರಗ ಬಂದು ಅಲ್ಲೇ ನಿಂತಳು.

ನಾನು ಬೈಗಳಕ್ಕ ಸಿದ್ಧ ಆದೆ. ಬೈದಿದ್ರ ನನಗ ಒಂದು ದಾರಿ ಸಿಗ್ತಿತ್ತು. ಆದ್ರ ಅಮರಗುಂಡಪ್ಪನವರು ದೊಡ್ಡ ಮನುಷ್ಯ. ಅವರಿಗೆ ನನ್ನ ಮ್ಯಾಲ ಒಂದಿಷ್ಟೂ ಸಿಟ್ಟಿರಲಿಲ್ಲ. ಬಿಜಲಿ ಬರೋದು ಖರೆ, ತಡ ಆಗೈತಿ ಅಷ್ಟ, ಸರ್ಕಾರದ ಕೆಲಸ, ಅಲ್ಲೀತನಕ ಬೀಗರ ಆಸರಾ ಐತಲ್ಲ ಅಂತ ಹೆಂಡತಿಗೆ ಹೇಳಿಕೋತ ಮೆಟ್ಟಲು ಹತ್ತಿ, ಹೆಗಲ ಮ್ಯಾಲಿನ ಶಲ್ಯದಿಂದ ಬೆವರು ಒರಿಸಿಕೊಂಡು, ನನ್ನನ್ನ ಪ್ರೀತಿಲೆ ಕೇಳಿದ್ರು:

"ಬೀಗರ, ನಮ್ಮ ಹಾಸಿಗಿ ಯಾವ ಕಡೆ ಬಿಡಿಸೂಣು?"

ಆ ಒಂದು ಮಾತಿನ್ಯಾಗ ಏನೇನು ಅಡಗೈತಿ ಅಂತ ನಾನು ಒಂದೊಂದಾಗಿ ಬಿಡಿಸಿಕೋತ ನಿಂತುಬಿಟ್ಟೆ. ಬೇವಿನ ಕಡ್ಡಿ ಬಾಯಾಗ ಹಂಗ ಉಳೀತು. ಕಸ್ತೂರೆಮ್ಮ ಕೈ ತೊಳಕೊಂಡು ಬಂದಳು. ನನ್ನ ಕಡೆ ನೋಡಲಿಲ್ಲ.

"ಬೀಗರು ಬೀಗತಿ ಖೋಲಿಯೊಳಗ," ಅಂದಳು. "ಹುಡುಗ ಹುಡುಗಿ ಪಡಸಾಲ್ಯಾಗ. ನಾನು ಅಡಗೀಮನಿಯಾಗ. ಆಕಳು ಹಿತ್ತಲದಾಗ."

ಇನ್ನೊಂದು ಹೆಸರು ಬರತೈತಿ ಅಂತ ನಾನು ಸ್ವಲ್ಪ ಹೊತ್ತು ಕಾದೆ. ಆಕಿ ಒಳಗ ಹೋಗಿ ಒಲಿ ಊದಾಕ ಹತ್ತಿದಳು. ನಾನು ಬಾಯಿ ಮುಕ್ಕಳಿಸಿ, ಗಳದ ಮ್ಯಾಲಿನ ಚಾದರ ತಗೊಂಡು, ಸಾಲಿ ಕಡೆ ಹೊಂಟೆ.